ಹೃದಯದ ಅಪಾಯಕಾರಿ ಲಯದೋಷಕ್ಕೆ ವಿಕಿರಣ ಚಿಕಿತ್ಸೆ

ಒಂದು ಕೆಲಸಕ್ಕೆಂದು ಬಂಡವಾಳ ಹೂಡಿ ತಂದ ಯಂತ್ರವು ಕಾಲಾನಂತರದಲ್ಲಿ ಯಾರೂ ಎಣಿಸಿರದ ಮತ್ತೊಂದು ಕೆಲಸಕ್ಕೆ ಒದಗಿಬರುವುದು ಕೈಗಾರಿಕೆಗಳಲ್ಲಿ ಅಪರೂಪವೇನಲ್ಲ. ವೈದ್ಯಕೀಯ ಕ್ಷೇತ್ರದಲ್ಲಿಯೂ ಕಳೆದ ಒಂದು ದಶಕದಿಂದೀಚೆಗೆ ಅಂತಹುದೇ ಒಂದು ಬೆಳವಣಿಗೆ ನಡೆದಿದೆ. ಕ್ಯಾನ್ಸರ್ ಗಡ್ಡೆಗಳನ್ನು ನಾಶಪಡಿಸಲೆಂದು ದೊಡ್ಡ ಆಸ್ಪತ್ರೆಗಳು ಕೋಟ್ಯಂತರ ರೂಪಾಯಿ ತೆತ್ತು ಸ್ಥಾಪಿಸಿಕೊಂಡಿರುವ ಲೀನಿಯರ್ ಆಕ್ಸಿಲರೇಟರ್ ಎಂಬ ಯಂತ್ರವನ್ನು ಹೃದಯದತ್ತ ತಿರುಗಿಸಿ, ಪ್ರಾಣಾಂತಕವಾದ ಲಯದೋಷವೊಂದನ್ನು ಸುಮಾರು ಕಾಲು ಗಂಟೆಯ ಒಂದೇ ಚಿಕಿತ್ಸೆಯಿಂದ ಹತೋಟಿಗೆ ತರಲು ಸಾಧ್ಯವೆಂದು ಕೆಲವು ಆಸ್ಪತ್ರೆಗಳ ಅನುಭವ ತೋರಿಸಿಕೊಟ್ಟಿದೆ. ಎದೆ ಕೊಯ್ಯುವುದಿಲ್ಲ, ರಕ್ತನಾಳದೊಳಗೆ ತಂತಿ ತೂರಿಸುವುದಿಲ್ಲ. ಆದರೆ ಇದು ಇನ್ನೂ ಪ್ರಾಯೋಗಿಕ ಚಿಕಿತ್ಸೆಯೇ ಹೊರತು ರೂಢಿಗೆ ಬಂದದ್ದಲ್ಲ. ಬೇರೆ ದಾರಿಗಳು ಮುಗಿದವರಿಗೆ ಮಾತ್ರ ಇದನ್ನು ಕೊಡಲಾಗುತ್ತಿದೆ. ಈ ಎರಡು ಸಂಗತಿಗಳನ್ನೂ ಜೊತೆಯಾಗಿಯೇ ತಿಳಿದಿರುವುದು ಒಳಿತು. ಏಕೆಂದರೆ ಹೃದಯಾಘಾತದಿಂದ ಪಾರಾಗಿ ಮತ್ತೆ ಅಂಗಡಿಗೋ ಕಾರ್ಖಾನೆಗೋ ಮರಳಿದವರಲ್ಲಿ ಕೆಲವರು ವರ್ಷಗಳು ಕಳೆದ ಮೇಲೆ ಎದುರಿಸಬೇಕಾಗಿ ಬರುವ ರೋಗವಿದು.

ಲಯ ತಪ್ಪುವ ಬಗೆ

ಹೃದಯದ ಸ್ನಾಯುಗಳೆಲ್ಲವೂ ಒಂದೇ ತಾಳಕ್ಕೆ ಸಂಕುಚಿಸುವುದು ಅವುಗಳೊಳಗೆ ಹರಿಯುವ ಅತಿ ಸೂಕ್ಷ್ಮವಾದ ವಿದ್ಯುತ್ ಸಂಕೇತದಿಂದ. ಬಲಭಾಗದ ಮೇಲುಕೋಣೆಯಲ್ಲಿರುವ ಸೈನಸ್ ಗಂಟಿನಲ್ಲಿ ಹುಟ್ಟುವ ಈ ಸಂಕೇತವು ಮೊದಲು ಮೇಲಿನ ಎರಡು ಕೋಣೆಗಳಲ್ಲಿ ಹರಡಿ, ನಡುವಿನ ಮತ್ತೊಂದು ಗಂಟಿನಲ್ಲಿ ಕ್ಷಣಮಾತ್ರ ತಡೆದು, ಬಳಿಕ ಕೆಳಗಿನ ಎರಡು ಹೃತ್ಕುಕ್ಷಿಗಳಿಗೆ ಇಳಿಯುತ್ತದೆ. ವಿಶ್ರಾಂತಿಯಲ್ಲಿರುವ ವಯಸ್ಕರಲ್ಲಿ ಈ ಕ್ರಿಯೆ ನಿಮಿಷಕ್ಕೆ 60ರಿಂದ 100 ಬಾರಿ ನಡೆಯುವುದು ಸಾಮಾನ್ಯ.

ಹೃದಯಾಘಾತವಾದಾಗ ರಕ್ತದ ಪೂರೈಕೆ ನಿಂತ ಭಾಗದ ಸ್ನಾಯು ಸತ್ತು, ಆ ಜಾಗದಲ್ಲಿ ನಾರಿನಂತಹ ಅಂಗಾಂಶ ಬೆಳೆದು ಕಲೆಯಾಗಿ ಉಳಿಯುತ್ತದೆ. ಈ ಕಲೆಯು ವಿದ್ಯುತ್ತನ್ನು ಹರಿಯಗೊಡುವುದಿಲ್ಲ. ಅಷ್ಟೂ ಭಾಗ ಪೂರ್ತಿಯಾಗಿ ಸತ್ತಿದ್ದರೆ ಲಯದ ಮಟ್ಟಿಗೆ ತೊಂದರೆ ಕಡಿಮೆಯೇ. ತೊಂದರೆ ಹುಟ್ಟುವುದು ಕಲೆಯ ನಡುವೆ ಅಲ್ಲಲ್ಲಿ ಬದುಕುಳಿದ ಸ್ನಾಯುವಿನ ಎಳೆಗಳಿಂದ. ಮುಖ್ಯರಸ್ತೆ ಮುಚ್ಚಿದಾಗ ಬಂಡಿಗಳು ಸಂದಿಗೊಂದಿಗಳಲ್ಲಿ ತೆವಳುವಂತೆ ಸಂಕೇತವು ಈ ಎಳೆಗಳಲ್ಲಿ ಬಹು ನಿಧಾನವಾಗಿ ಸಾಗುತ್ತದೆ. ಅದು ಮತ್ತೊಂದು ಕೊನೆಯಲ್ಲಿ ಹೊರಬೀಳುವ ಹೊತ್ತಿಗೆ ಸುತ್ತಲಿನ ಸ್ನಾಯು ಒಮ್ಮೆ ಸಂಕುಚಿಸಿ, ಸುಧಾರಿಸಿಕೊಂಡು, ಮತ್ತೆ ಸಂಕುಚಿಸಲು ಸಿದ್ಧವಾಗಿರುತ್ತದೆ. ತಡವಾಗಿ ಬಂದ ಸಂಕೇತ ಅದನ್ನು ಪುನಃ ಕೆರಳಿಸಿ, ಸುತ್ತಿ ಬಂದು ಅದೇ ಸಂದಿಯನ್ನು ಹೊಗುತ್ತದೆ. ಹೀಗೆ ಗಾಣದೆತ್ತಿನಂತೆ ಸುತ್ತುತ್ತಲೇ ಇರುವ ಸಂಕೇತವು ಸೈನಸ್ ಗಂಟಿನ ಅಧಿಕಾರವನ್ನು ಕಿತ್ತುಕೊಂಡು ಹೃತ್ಕುಕ್ಷಿಗಳನ್ನು ತನ್ನ ವೇಗಕ್ಕೆ ಓಡಿಸುತ್ತದೆ. ಇದಕ್ಕೆ ವೈದ್ಯರು ಕೊಟ್ಟಿರುವ ಹೆಸರು ವೆಂಟ್ರಿಕ್ಯುಲರ್ ಟ್ಯಾಕಿಕಾರ್ಡಿಯ.

ಆಗ ಬಡಿತವು ನಿಮಿಷಕ್ಕೆ 150, 200, ಕೆಲವೊಮ್ಮೆ ಅದಕ್ಕೂ ಮೇಲೆ ಹೋಗುತ್ತದೆ. ಹೃತ್ಕುಕ್ಷಿಗೆ ರಕ್ತ ತುಂಬಿಕೊಳ್ಳುವಷ್ಟು ಬಿಡುವೇ ದೊರೆಯದ ಕಾರಣ ತಲೆ ಸುತ್ತುವುದು, ಕಣ್ಣು ಕತ್ತಲಿಡುವುದು, ಪ್ರಜ್ಞೆ ತಪ್ಪುವುದು ಉಂಟು. ಈ ವೇಗವು ಮುಂದೆ ಕೇವಲ ಅದುರುವಿಕೆಗೆ ತಿರುಗಿದರೆ ರಕ್ತಸಂಚಾರ ನಿಂತು ಕೆಲವೇ ನಿಮಿಷಗಳಲ್ಲಿ ಸಾವು ಸಂಭವಿಸುತ್ತದೆ. (ಎದೆ ಡವಗುಟ್ಟಿದ ಮಾತ್ರಕ್ಕೆ ಯಾರೂ ಗಾಬರಿಯಾಗಬೇಕಿಲ್ಲ. ಲಯದೋಷಗಳಲ್ಲಿ ನಿರಪಾಯವಾದವೂ ಅನೇಕವಿದ್ದು, ಇಲ್ಲಿ ಹೇಳುತ್ತಿರುವುದು ಮೊದಲೇ ಹಾನಿಗೊಂಡ ಹೃದಯದಲ್ಲಿ ಹುಟ್ಟುವ ದೋಷವನ್ನು ಕುರಿತು.)

ಇದುವರೆಗಿನ ಉಪಾಯಗಳು

ಮೊದಲನೆಯದು ಔಷಧಿ. ಇವುಗಳಲ್ಲಿ ಹೆಚ್ಚು ಬಳಕೆಯಲ್ಲಿರುವ ಅಮಿಯೊಡಾರೋನ್ ಪರಿಣಾಮಕಾರಿಯಾದರೂ ದೀರ್ಘಕಾಲ ಸೇವಿಸಿದಾಗ ಥೈರಾಯ್ಡ್, ಶ್ವಾಸಕೋಶ ಮತ್ತು ಯಕೃತ್ತಿಗೆ ತೊಂದರೆ ಕೊಡಬಲ್ಲದು. ಎರಡನೆಯದು ಐಸಿಡಿ ಎಂದು ಕರೆಯಲಾಗುವ, ಭುಜದೆಲುಬಿನ ಕೆಳಗೆ ಚರ್ಮದಡಿ ಅಳವಡಿಸುವ ಪುಟ್ಟ ಸಾಧನ. ಮಿಶೆಲ್ ಮಿರೊವ್ಸ್ಕಿ ಮತ್ತು ಅವರ ಸಂಗಡಿಗರು ರೂಪಿಸಿದ ಈ ಸಾಧನವನ್ನು ಮನುಷ್ಯರಲ್ಲಿ ಮೊದಲ ಬಾರಿಗೆ ಅಳವಡಿಸಿದ್ದು 1980ರಲ್ಲಿ, ಅಮೆರಿಕದ ಬಾಲ್ಟಿಮೋರ್ ನಗರದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ. ಲಯ ತಪ್ಪಿದುದನ್ನು ತಾನೇ ಗುರುತಿಸಿ ವಿದ್ಯುತ್ ಆಘಾತ ಕೊಟ್ಟು ಸರಿಪಡಿಸುವ ಐಸಿಡಿ ಅಸಂಖ್ಯ ಜೀವಗಳನ್ನು ಉಳಿಸಿದೆ. ಆದರೆ ಅದು ಅಗ್ನಿಶಾಮಕ ದಳವಿದ್ದಂತೆ. ಹೊತ್ತಿಕೊಂಡ ಬೆಂಕಿಯನ್ನು ಆರಿಸುತ್ತದೆ, ಬೆಂಕಿ ಹೊತ್ತದಂತೆ ತಡೆಯುವುದಿಲ್ಲ. ಎಚ್ಚರವಿರುವಾಗ ಬೀಳುವ ಆಘಾತವು ಎದೆಗೆ ಒದ್ದಂತಿರುತ್ತದೆ. 24 ಗಂಟೆಗಳಲ್ಲಿ ಮೂರು ಅಥವಾ ಹೆಚ್ಚು ಬಾರಿ ಲಯ ತಪ್ಪಿದರೆ ಅದನ್ನು ವಿದ್ಯುತ್ ಬಿರುಗಾಳಿ ಎನ್ನುತ್ತಾರೆ. ಅಂತಹ ಬಿರುಗಾಳಿಯನ್ನು ಒಮ್ಮೆ ಅನುಭವಿಸಿದವರು ಮುಂದಿನ ಆಘಾತ ಯಾವ ಗಳಿಗೆಯಲ್ಲಿ ಬೀಳುವುದೋ ಎಂಬ ಭಯದಲ್ಲಿ ಮನೆಯಿಂದ ಹೊರಡಲೂ ಹಿಂಜರಿಯುತ್ತಾರೆ.

ಕಾರ್ಖಾನೆ ನಡೆಸುವವರು ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಆರ್ಕ್ ವೆಲ್ಡಿಂಗ್, ಇಂಡಕ್ಷನ್ ಕುಲುಮೆ, ಬಲವಾದ ಅಯಸ್ಕಾಂತ ಮುಂತಾದವುಗಳ ಕ್ಷೇತ್ರವು ಐಸಿಡಿಯನ್ನು ದಾರಿ ತಪ್ಪಿಸಬಲ್ಲದು. ಇದನ್ನು ಅಳವಡಿಸಿಕೊಂಡ ಮಾಲೀಕರಾಗಲಿ ಕಾರ್ಮಿಕರಾಗಲಿ ಯಂತ್ರಗಳ ನಡುವಣ ಕೆಲಸಕ್ಕೆ ಮರಳುವ ಮುನ್ನ ಹೃದ್ರೋಗ ತಜ್ಞರಿಗೆ ತಮ್ಮ ಕೆಲಸದ ಸ್ವರೂಪವನ್ನು ವಿವರಿಸಿ ಸಲಹೆ ಪಡೆಯತಕ್ಕದ್ದು.

ಮೂರನೆಯ ಉಪಾಯ ಕ್ಯಾಥೆಟರ್ ಅಬ್ಲೇಷನ್. ತೊಡೆಸಂದಿನ ರಕ್ತನಾಳದ ಮೂಲಕ ತೆಳುವಾದ ನಳಿಕೆಯನ್ನು ಹೃದಯದವರೆಗೆ ಒಯ್ದು, ಸಂಕೇತ ಸುತ್ತುತ್ತಿರುವ ಜಾಗವನ್ನು ಹುಡುಕಿ ಸುಡುವ ಕ್ರಮವಿದು. ಹಲವು ಗಂಟೆಗಳ ಕೆಲಸ. ನಳಿಕೆಯ ತುದಿಯ ಕಾವು ಕೆಲವೇ ಮಿಲಿಮೀಟರ್ ಆಳಕ್ಕಿಳಿಯುವುದರಿಂದ ದಪ್ಪ ಸ್ನಾಯುವಿನ ನಡುವೆ ಅಡಗಿದ ಎಳೆಗಳು ತಪ್ಪಿಸಿಕೊಳ್ಳುತ್ತವೆ. ಕೃತಕ ಕವಾಟವಿದ್ದವರಲ್ಲಿ ಹಾದಿಯೇ ಅಡ್ಡಗಟ್ಟಿರಬಹುದು. 2016ರಲ್ಲಿ ಪ್ರಕಟವಾದ ವ್ಯಾನಿಶ್ ಎಂಬ ಅಧ್ಯಯನದಲ್ಲಿ ಹೃದಯಾಘಾತವಾಗಿ ಐಸಿಡಿ ಹೊಂದಿದ್ದ 259 ರೋಗಿಗಳನ್ನು ಎರಡು ಗುಂಪು ಮಾಡಿ ಸುಮಾರು 28 ತಿಂಗಳು ಗಮನಿಸಲಾಯಿತು. ಸಾವು, ವಿದ್ಯುತ್ ಬಿರುಗಾಳಿ ಅಥವಾ ಐಸಿಡಿ ಆಘಾತ, ಈ ಮೂರರಲ್ಲಿ ಒಂದನ್ನಾದರೂ ಕಂಡವರು ಔಷಧಿ ಹೆಚ್ಚಿಸಿದ ಗುಂಪಿನಲ್ಲಿ ಶೇ. 68.5 ಇದ್ದರೆ ಅಬ್ಲೇಷನ್ ಗುಂಪಿನಲ್ಲಿ ಶೇ. 59.1 ಇದ್ದರು. ಅಬ್ಲೇಷನ್ ಮೇಲಾಯಿತು, ನಿಜ. ಆದರೂ ಅರ್ಧಕ್ಕಿಂತ ಹೆಚ್ಚು ಮಂದಿಗೆ ತೊಂದರೆ ತಪ್ಪಲಿಲ್ಲ. ಹೊಸ ದಾರಿಯೊಂದನ್ನು ಹುಡುಕಲು ವೈದ್ಯರನ್ನು ಪ್ರೇರೇಪಿಸಿದ್ದು ಇಂತಹ ರೋಗಿಗಳ ಸ್ಥಿತಿಯೇ.

ಸೇಂಟ್ ಲೂಯಿಸ್‌ನ ಐದು ಮಂದಿ

ಹೃದಯದ ಮೇಲೆ ವಿಕಿರಣ ಬೀಳದಂತೆ ನೋಡಿಕೊಳ್ಳುವುದು ಕ್ಯಾನ್ಸರ್ ವೈದ್ಯರ ಹಳೆಯ ನೇಮ. ಅದಕ್ಕೆ ಬಲವಾದ ಕಾರಣವೂ ಇದೆ. ಸ್ವೀಡನ್ ಮತ್ತು ಡೆನ್ಮಾರ್ಕ್ ದೇಶಗಳಲ್ಲಿ ಸ್ತನ ಕ್ಯಾನ್ಸರಿಗೆ ವಿಕಿರಣ ಪಡೆದಿದ್ದ 2168 ಮಹಿಳೆಯರ ದಾಖಲೆಗಳನ್ನು ಪರಿಶೀಲಿಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಹೃದಯಕ್ಕೆ ತಗುಲಿದ ಸರಾಸರಿ ವಿಕಿರಣದ ಪ್ರತಿಯೊಂದು ಗ್ರೇ ಪ್ರಮಾಣಕ್ಕೂ ಗಂಭೀರ ಹೃದ್ರೋಗದ ಸಂಭವ ಶೇ. 7.4ರಷ್ಟು ಏರುತ್ತದೆ. ಹೀಗಿರುವಾಗ ಬೇಕೆಂದೇ ಹೃದಯಕ್ಕೆ ಗುರಿಯಿಡುವ ಯೋಚನೆಯು ಅನೇಕ ತಜ್ಞರಿಗೆ ವಿಪರೀತವಾಗಿ ಕಂಡಿದ್ದರೆ ಆಶ್ಚರ್ಯವಿಲ್ಲ.

ಆದಾಗ್ಯೂ 2012ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವೈದ್ಯರು ಬೇರೆ ಚಿಕಿತ್ಸೆ ಸಾಧ್ಯವಿಲ್ಲದ ಒಬ್ಬ ರೋಗಿಗೆ ಸೈಬರ್‌ನೈಫ್ ಯಂತ್ರದಿಂದ ಈ ಪ್ರಯತ್ನ ಮಾಡಿದರು. ಜೆಕ್ ಗಣರಾಜ್ಯದ ಒಸ್ಟ್ರಾವಾ ನಗರದಲ್ಲಿಯೂ ಇಂತಹ ಪ್ರಯತ್ನ ನಡೆಯಿತು. ಜಗತ್ತಿನ ಗಮನವನ್ನು ಸೆಳೆದದ್ದು ಮಾತ್ರ ಸೇಂಟ್ ಲೂಯಿಸ್ ನಗರದ ವಾಷಿಂಗ್ಟನ್ ವಿಶ್ವವಿದ್ಯಾಲಯದ ಹೃದ್ರೋಗ ತಜ್ಞ ಫಿಲಿಪ್ ಕುಕುಲಿಚ್ ಮತ್ತು ವಿಕಿರಣ ತಜ್ಞ ಕ್ಲಿಫರ್ಡ್ ರಾಬಿನ್ಸನ್ ಅವರ ತಂಡದ ಕೆಲಸ. 2015ರಲ್ಲಿ ಚಿಕಿತ್ಸೆ ಪಡೆದ ಐವರ ವಿವರಗಳನ್ನು ಅವರು 2017ರ ಡಿಸೆಂಬರಿನಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಚಿಕಿತ್ಸೆಗೆ ಮುಂಚಿನ ಮೂರು ತಿಂಗಳಲ್ಲಿ ಈ ಐವರಲ್ಲಿ ಒಟ್ಟು 6577 ಬಾರಿ ಲಯ ತಪ್ಪಿತ್ತು. ಚಿಕಿತ್ಸೆಯ ಪರಿಣಾಮ ನೆಲೆಗೊಳ್ಳಲೆಂದು ಬಿಟ್ಟ ಮೊದಲ ಆರು ವಾರಗಳಲ್ಲಿ ಈ ಸಂಖ್ಯೆ 680ಕ್ಕೆ ಇಳಿಯಿತು. ತರುವಾಯ ಎಲ್ಲರ ತಿಂಗಳುಗಳನ್ನೂ ಕೂಡಿಸಿ 46 ತಿಂಗಳ ಅವಧಿಯಲ್ಲಿ ಲಯ ತಪ್ಪಿದ್ದು ಕೇವಲ 4 ಬಾರಿ. ಒಬ್ಬೊಬ್ಬರಿಗೂ ವಿಕಿರಣ ಕೊಡಲು ಹಿಡಿದ ಕಾಲ ಸರಾಸರಿ 14 ನಿಮಿಷ. ಇಷ್ಟು ಹೇಳಿ ನಿಲ್ಲಿಸಿದರೆ ಅರ್ಧ ಸತ್ಯವಾದೀತು: ಐವರಲ್ಲಿ 83 ವರ್ಷದ ಒಬ್ಬರು ಚಿಕಿತ್ಸೆಯಾದ ಮೂರು ವಾರಗಳಲ್ಲಿ ಪಾರ್ಶ್ವವಾಯುವಿನಿಂದ ತೀರಿಕೊಂಡರು.

ಗುರಿ ಹಿಡಿಯುವುದೇ ಕಷ್ಟದ ಕೆಲಸ

ಕಾಲು ಗಂಟೆಯ ಹಿಂದೆ ದಿನಗಟ್ಟಲೆಯ ಸಿದ್ಧತೆ ಇರುತ್ತದೆ ಎಂಬುದನ್ನು ಮರೆಯಬಾರದು. ಮೊದಲು ಸಂಕೇತ ಸುತ್ತುತ್ತಿರುವ ಜಾಗ ಯಾವುದೆಂದು ನಿಖರವಾಗಿ ತಿಳಿಯಬೇಕು. ಸೇಂಟ್ ಲೂಯಿಸ್ ತಂಡವು ರೋಗಿಗೆ 256 ವಿದ್ಯುದ್ವಾರಗಳುಳ್ಳ ಅಂಗಿಯಂತಹ ಪಟ್ಟಿಯನ್ನು ತೊಡಿಸಿ, ಎದೆಯಲ್ಲಿರುವ ಐಸಿಡಿಯ ಮೂಲಕವೇ ಕ್ಷಣಕಾಲ ಲಯ ತಪ್ಪುವಂತೆ ಮಾಡಿ, ಚರ್ಮದ ಮೇಲೆ ದೊರೆತ ಸಂಕೇತಗಳಿಂದ ಹೃದಯದ ಮೇಲ್ಮೈಯ ವಿದ್ಯುತ್ ನಕ್ಷೆಯನ್ನು ಗಣಕಯಂತ್ರದಲ್ಲಿ ರಚಿಸುತ್ತದೆ. ಸ್ಕ್ಯಾನ್‌ಗಳಿಂದ ಕಲೆಯಾದ ಭಾಗ ಎಲ್ಲಿದೆಯೆಂದು ತಿಳಿದುಬರುತ್ತದೆ. ಎರಡು ನಕ್ಷೆಗಳೂ ಕೂಡಿದ ಜಾಗವೇ ಗುರಿ.

ಗುರಿಯೇನೋ ಸಿಕ್ಕಿತು, ಆದರೆ ಅದು ನಿಂತಲ್ಲಿ ನಿಲ್ಲುವುದಿಲ್ಲ. ಹೃದಯ ಬಡಿಯುತ್ತದೆ, ಉಸಿರಾಟಕ್ಕೆ ತಕ್ಕಂತೆ ಮೇಲೆ ಕೆಳಗೆ ಸರಿಯುತ್ತದೆ. ಆದುದರಿಂದ ಉಸಿರಾಟದ ಎಲ್ಲ ಹಂತಗಳಲ್ಲಿಯೂ ಸಿ.ಟಿ. ಚಿತ್ರಗಳನ್ನು ತೆಗೆದು, ಗುರಿಯ ಸಂಚಾರದ ಎಲ್ಲೆಯನ್ನು ಗೊತ್ತುಮಾಡಿ, ರೋಗಿಯ ಮೈ ಅಲುಗದಂತೆ ಅವರ ದೇಹದ ಅಚ್ಚಿಗೆ ಸರಿಯಾದ ಹಾಸಿಗೆಯಲ್ಲಿ ಮಲಗಿಸಬೇಕಾಗುತ್ತದೆ. ಅನಂತರ ಯಂತ್ರವು ಸುತ್ತ ತಿರುಗುತ್ತಾ ಅನೇಕ ಕೋನಗಳಿಂದ ಕಿರಣಗಳನ್ನು ಹಾಯಿಸುತ್ತದೆ. ಒಂದೊಂದು ಕೋನದಿಂದ ಹಾಯುವುದು ಅಲ್ಪ ಪ್ರಮಾಣ. ಅವೆಲ್ಲವೂ ಸಂಧಿಸುವ ಜಾಗದಲ್ಲಿ ಮಾತ್ರ ಪೂರ್ಣ ಪ್ರಮಾಣ.

ಕಿರಣಗಳಿಗೆ ಗುರಿಯ ಆಕಾರವನ್ನು ಕೊಡುವ ಭಾಗವು ಯಂತ್ರೋಪಕರಣ ತಯಾರಕರಿಗೆ ಕುತೂಹಲ ಹುಟ್ಟಿಸುವಂತಹುದು. ಟಂಗ್‌ಸ್ಟನ್ ಮಿಶ್ರಲೋಹದ ಹತ್ತಾರು ತೆಳು ಪಟ್ಟಿಗಳು ಎದುರುಬದುರಾಗಿ ಜೋಡಣೆಗೊಂಡಿದ್ದು, ಪ್ರತಿಯೊಂದು ಪಟ್ಟಿಯನ್ನೂ ಪ್ರತ್ಯೇಕವಾದ ಪುಟ್ಟ ಮೋಟಾರು ಹಿಂದೆ ಮುಂದೆ ಸರಿಸುತ್ತದೆ. ಯಂತ್ರ ತಿರುಗಿದಂತೆಲ್ಲ ಪಟ್ಟಿಗಳ ನಡುವಣ ಕಿಂಡಿಯ ಆಕಾರವೂ ಬದಲಾಗುತ್ತದೆ. ಕೆಲವು ಮಾದರಿಗಳಲ್ಲಿ ನಡುವಿನ ಪಟ್ಟಿಗಳು ಗುರಿಯ ಬಳಿ 2.5 ಮಿ.ಮೀ. ಅಗಲದಷ್ಟು ಸೂಕ್ಷ್ಮವಾಗಿ ಕಿರಣವನ್ನು ಕತ್ತರಿಸಬಲ್ಲವು.

ಇಲ್ಲಿ ಕೊಡುವ ವಿಕಿರಣದ ಪ್ರಮಾಣ ಒಂದೇ ಬಾರಿಗೆ 25 ಗ್ರೇ. ಸಾಮಾನ್ಯ ಕ್ಯಾನ್ಸರ್ ಚಿಕಿತ್ಸೆಯಲ್ಲಿ ದಿನಕ್ಕೆ 2 ಗ್ರೇಯಂತೆ ವಾರಗಟ್ಟಲೆ ಹಂಚಿಕೊಡುವುದು ವಾಡಿಕೆ. ಹಂಚಿಕೊಟ್ಟಾಗ ಆರೋಗ್ಯವಂತ ಜೀವಕೋಶಗಳಿಗೆ ನಡುನಡುವೆ ಚೇತರಿಸಿಕೊಳ್ಳುವ ಅವಕಾಶವಿರುತ್ತದೆ. ಒಂದೇ ಕಂತಿನಲ್ಲಿ ಅದಿಲ್ಲ. ಆದುದರಿಂದ ಗುರಿ ಕೆಲವು ಮಿಲಿಮೀಟರ್ ತಪ್ಪಿದರೂ ಅನ್ನನಾಳ, ಜಠರ, ಶ್ವಾಸಕೋಶಗಳಿಗೆ ಹಾನಿಯಾಗಬಹುದು. ಐಸಿಡಿಯ ಪೆಟ್ಟಿಗೆಯನ್ನೂ ಕಿರಣದ ಹಾದಿಯಿಂದ ದೂರವಿರಿಸಿ, ಚಿಕಿತ್ಸೆಯ ಮುನ್ನ ಮತ್ತು ನಂತರ ಅದರ ಕಾರ್ಯವನ್ನು ಪರೀಕ್ಷಿಸಬೇಕು. ಒಟ್ಟಿನಲ್ಲಿ ಆಕ್ಸಿಲರೇಟರ್ ಒಂದಿದ್ದ ಮಾತ್ರಕ್ಕೆ ಈ ಚಿಕಿತ್ಸೆ ಕೈಗೂಡುವುದಿಲ್ಲ. ಹೃದ್ರೋಗ ತಜ್ಞ, ವಿಕಿರಣ ತಜ್ಞ, ವೈದ್ಯಕೀಯ ಭೌತವಿಜ್ಞಾನಿ ಈ ಮೂವರೂ ಒಂದೇ ಮೇಜಿನ ಸುತ್ತ ಕುಳಿತು ಒಂದೇ ನಕ್ಷೆಯನ್ನು ಓದಬೇಕು. ಬೇರೆ ಬೇರೆ ಕಟ್ಟಡಗಳಲ್ಲಿ, ಬೇರೆ ಬೇರೆ ಭಾಷೆಯಲ್ಲಿ ಕೆಲಸ ಮಾಡಿ ರೂಢಿಯಾದ ಈ ತಜ್ಞರನ್ನು ಒಂದುಗೂಡಿಸುವುದು ಯಂತ್ರ ಖರೀದಿಗಿಂತ ಕಷ್ಟವೆಂದರೆ ಉತ್ಪ್ರೇಕ್ಷೆಯಲ್ಲ.

ವಿಕಿರಣವು ಮಾಡುವುದೇನು

ವಿಕಿರಣವು ಉಳಿದ ಎಳೆಗಳನ್ನು ಕೊಂದು ಕಲೆಯನ್ನು ಪೂರ್ತಿಗೊಳಿಸುತ್ತದೆ, ಅಲ್ಲಿಗೆ ಸುತ್ತುದಾರಿ ಮುಚ್ಚುತ್ತದೆ ಎಂಬುದು ಆರಂಭದ ತರ್ಕವಾಗಿತ್ತು. ಆದರೆ ಲೆಕ್ಕ ಹೊಂದಿಬರಲಿಲ್ಲ. ವಿಕಿರಣದಿಂದ ಕಲೆ ಬಲಿಯಲು ತಿಂಗಳುಗಳೇ ಬೇಕು. ರೋಗಿಗಳಲ್ಲಿ ಲಯ ಸುಧಾರಿಸಿದ್ದು ದಿನಗಳಲ್ಲಿ, ವಾರಗಳಲ್ಲಿ. ಅದೇ ವಿಶ್ವವಿದ್ಯಾಲಯದ ಸಂಶೋಧಕರು 2021ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಬೇರೊಂದು ವಿವರಣೆ ನೀಡಿತು. ಇಲಿಗಳ ಮೇಲಿನ ಪ್ರಯೋಗಗಳಲ್ಲಿ ವಿಕಿರಣ ತಗುಲಿದ ಸ್ನಾಯುಕೋಶಗಳು ಸಾಯದೆ, ನಾಚ್ ಎಂಬ ಜೈವಿಕ ಸಂದೇಶ ವ್ಯವಸ್ಥೆಯನ್ನು ಮತ್ತೆ ಚುರುಕುಗೊಳಿಸಿ, ಸೋಡಿಯಂ ಹಾಯುವ ದ್ವಾರಗಳನ್ನು ಹೆಚ್ಚಿಸಿಕೊಂಡು ಸಂಕೇತವನ್ನು ಮೊದಲಿಗಿಂತ ಬೇಗ ಸಾಗಿಸತೊಡಗಿದವು. ಸಂದಿಯಲ್ಲಿ ತೆವಳುತ್ತಿದ್ದ ಸಂಕೇತ ಬೇಗ ಸಾಗಿದರೆ ಅದು ಹೊರಬೀಳುವಾಗ ಸುತ್ತಲಿನ ಸ್ನಾಯು ಇನ್ನೂ ಸಿದ್ಧವಾಗಿರುವುದಿಲ್ಲ. ಸುತ್ತು ಅಲ್ಲಿಗೇ ಮುರಿಯುತ್ತದೆ. ಕೊಲ್ಲದೆ ರಿಪೇರಿ ಮಾಡಿದಂತೆ! ಇದು ಮನುಷ್ಯರಲ್ಲಿಯೂ ಪೂರ್ತಿ ಸಾಬೀತಾದರೆ 25 ಗ್ರೇಗಿಂತ ಕಡಿಮೆ ಪ್ರಮಾಣ ಸಾಲುವುದೇ ಎಂಬ ಪ್ರಶ್ನೆಗೆ ಅರ್ಥ ಬರುತ್ತದೆ. ಹಾನಿ ತಗ್ಗಿಸುವ ದೃಷ್ಟಿಯಿಂದ ಇದು ಬಹು ಮುಖ್ಯವಾದ ಪ್ರಶ್ನೆ.

ಲಾಭ-ನಷ್ಟದ ತಕ್ಕಡಿ

ಸೇಂಟ್ ಲೂಯಿಸ್ ತಂಡ 2019ರಲ್ಲಿ 19 ರೋಗಿಗಳ ಮತ್ತೊಂದು ಅಧ್ಯಯನವನ್ನು ಪ್ರಕಟಿಸಿತು. ಲೆಕ್ಕಕ್ಕೆ ಸಿಕ್ಕ 18 ಮಂದಿಯಲ್ಲಿ 17 ಮಂದಿಗೆ ಲಯದೋಷ ತಗ್ಗಿತು. ಟ್ಯಾಕಿಕಾರ್ಡಿಯ ಇದ್ದವರಲ್ಲಿ ಆರು ತಿಂಗಳ ಅವಧಿಗೆ 119ರಷ್ಟಿದ್ದ ಪ್ರಕರಣಗಳ ಮಧ್ಯಾಂಕ 3ಕ್ಕೆ ಇಳಿಯಿತು. ಆದರೆ ಒಂದು ವರ್ಷದ ಕೊನೆಗೆ ಬದುಕಿದ್ದವರು ಶೇ. 72. ಈ ರೋಗಿಗಳ ಹೃದಯ ಮೊದಲೇ ತೀರ ದುರ್ಬಲವಾಗಿತ್ತೆಂಬುದನ್ನು ಗಮನದಲ್ಲಿಟ್ಟು ಈ ಅಂಕಿಯನ್ನು ಓದಬೇಕು. ವರ್ಷಗಳು ಕಳೆದಂತೆ ಬೇರೆ ತೊಂದರೆಗಳೂ ಕಂಡುಬಂದವು. ಎರಡು ವರ್ಷಗಳ ನಂತರ ಒಬ್ಬರ ಹೃದಯದ ಹೊರಪೊರೆಯಲ್ಲಿ ನೀರು ತುಂಬಿಕೊಂಡಿತು. ಮತ್ತೊಬ್ಬರಲ್ಲಿ ಜಠರಕ್ಕೂ ಹೃದಯದ ಹೊರಪೊರೆಗೂ ನಡುವೆ ರಂಧ್ರವುಂಟಾಗಿ ಶಸ್ತ್ರಚಿಕಿತ್ಸೆ ಮಾಡಬೇಕಾಯಿತು. ಮೊದಲ ವರ್ಷದ ಲೆಕ್ಕಪತ್ರವನ್ನು ಮಾತ್ರ ನೋಡಿ ಹೂಡಿಕೆ ಮಾಡುವವರಂತೆ ಮೊದಲ ತಿಂಗಳುಗಳ ಫಲಿತಾಂಶವನ್ನಷ್ಟೇ ನೋಡುವುದು ಇಲ್ಲಿ ಸಲ್ಲದು.

ಬಡಿತದ ದೋಷ ತಗ್ಗಿದರೆ ಆಯುಷ್ಯ ಹೆಚ್ಚಿತೆಂದು ಅರ್ಥವಲ್ಲ ಎಂಬುದಕ್ಕೆ ಹೃದ್ರೋಗ ವಿಜ್ಞಾನದಲ್ಲಿ ಕಹಿಯಾದ ನಿದರ್ಶನವಿದೆ. ಹೃದಯಾಘಾತವಾದವರಲ್ಲಿ ಅನಗತ್ಯ ಬಡಿತಗಳನ್ನು ಚೆನ್ನಾಗಿ ಅಡಗಿಸುತ್ತಿದ್ದ ಎನ್‌ಕೈನೈಡ್ ಮತ್ತು ಫ್ಲೆಕೈನೈಡ್ ಎಂಬ ಎರಡು ಔಷಧಿಗಳನ್ನು ವೈದ್ಯರು ವಿಶ್ವಾಸದಿಂದ ಬರೆದುಕೊಡುತ್ತಿದ್ದ ಕಾಲವೊಂದಿತ್ತು. ಕ್ಯಾಸ್ಟ್ ಎಂಬ ಅಧ್ಯಯನವು ಅವುಗಳನ್ನು ಹುಸಿಗುಳಿಗೆಯೊಂದಿಗೆ ಹೋಲಿಸಿ ನೋಡಿದಾಗ ಔಷಧಿ ಪಡೆದ 755 ಮಂದಿಯಲ್ಲಿ 63 ಮಂದಿ ಸತ್ತಿದ್ದರು. ಹುಸಿಗುಳಿಗೆ ಪಡೆದ 743 ಮಂದಿಯಲ್ಲಿ ಸತ್ತವರು 26. ಈ ಪೂರ್ಣ ಅಂಕಿಗಳು ಪ್ರಕಟವಾದದ್ದು 1991ರಲ್ಲಿ. ಅಂದಿನಿಂದ ಲಯದೋಷದ ಯಾವ ಹೊಸ ಚಿಕಿತ್ಸೆಯೇ ಆಗಲಿ, ಹೋಲಿಕೆಯ ಪ್ರಯೋಗವಿಲ್ಲದೆ ಅದನ್ನು ನೆಚ್ಚುವಂತಿಲ್ಲ.

ವಿಕಿರಣದ ವಿಷಯದಲ್ಲಿ ಅಂತಹ ಪ್ರಯೋಗಕ್ಕೆ ಮುಂದಾದದ್ದು ವಿಕಿರಣ ಯಂತ್ರಗಳ ಪ್ರಮುಖ ತಯಾರಕ ಸಂಸ್ಥೆ ವೇರಿಯನ್. ಇದನ್ನು ಜರ್ಮನಿಯ ಸೀಮೆನ್ಸ್ ಹೆಲ್ತಿನೀರ್ಸ್ 2021ರಲ್ಲಿ 1640 ಕೋಟಿ ಡಾಲರ್ ಮೌಲ್ಯದ ವ್ಯವಹಾರದಲ್ಲಿ ಕೊಂಡುಕೊಂಡಿತು. 2023ರಲ್ಲಿ ನೋಂದಣಿಯಾದ ರೇಡಿಯೇಟ್-ವಿಟಿ ಎಂಬ ಈ ಪ್ರಯೋಗದಲ್ಲಿ ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪಾಗಿಸಿ, ಒಂದಕ್ಕೆ ವಿಕಿರಣ, ಇನ್ನೊಂದಕ್ಕೆ ಮರುಬಾರಿಯ ಕ್ಯಾಥೆಟರ್ ಅಬ್ಲೇಷನ್ ಕೊಟ್ಟು ಹೋಲಿಸಿ ನೋಡುವ ಉದ್ದೇಶವಿದೆ. ಯಂತ್ರ ಮಾರುವವರೇ ಪ್ರಯೋಗದ ವೆಚ್ಚ ಭರಿಸುವುದರಲ್ಲಿ ಅವರ ಹಿತಾಸಕ್ತಿ ಇದ್ದೇ ಇದೆ. ಇಷ್ಟು ದೊಡ್ಡ ವೆಚ್ಚವನ್ನು ಹೊರಲು ಬೇರೆಯವರು ಮುಂದೆ ಬರುವುದು ಸುಲಭವಲ್ಲವೆಂಬುದೂ ಅಷ್ಟೇ ನಿಜ. ಯೂರೋಪಿನಲ್ಲಿ ಸ್ಟಾಪ್‌ಸ್ಟಾರ್ಮ್ ಎಂಬ ಒಕ್ಕೂಟವು ಐರೋಪ್ಯ ಒಕ್ಕೂಟದ ಧನಸಹಾಯದಿಂದ ಹಲವು ದೇಶಗಳ ರೋಗಿಗಳ ದಾಖಲೆಗಳನ್ನು ಒಂದೆಡೆ ಸೇರಿಸುವ ಕಾರ್ಯ ಕೈಗೊಂಡಿತು.

ಭಾರತದಲ್ಲಿ ವಿಕಿರಣ ಚಿಕಿತ್ಸೆಯ ಯಂತ್ರಗಳ ಸ್ಥಾಪನೆ ಮತ್ತು ಬಳಕೆಗೆ ಅಣುಶಕ್ತಿ ನಿಯಂತ್ರಣ ಮಂಡಳಿಯ ಪರವಾನಗಿ ಕಡ್ಡಾಯ. ಭಾಭಾ ಅಣುಸಂಶೋಧನಾ ಕೇಂದ್ರ ಅಭಿವೃದ್ಧಿಪಡಿಸಿದ ಭಾಭಾಟ್ರಾನ್ ಎಂಬ ಕೋಬಾಲ್ಟ್ ಯಂತ್ರವನ್ನು ತಯಾರಿಸುತ್ತಿರುವುದು ಬೆಂಗಳೂರಿನ ಪ್ಯಾನೇಸಿಯಾ ಮೆಡಿಕಲ್ ಟೆಕ್ನಾಲಜೀಸ್ ಎಂಬುದು ರಾಜ್ಯದ ಉದ್ಯಮಿಗಳಿಗೆ ಹೆಮ್ಮೆಯ ಸಂಗತಿ. ಆದರೆ ಹೃದಯದ ಕೆಲಸಕ್ಕೆ ಬೇಕಾದ ಸೂಕ್ಷ್ಮತೆಗೆ ಸುಸಜ್ಜಿತವಾದ ಆಕ್ಸಿಲರೇಟರೇ ಆಗಬೇಕು.

ಯಾವುದೇ ಆಸ್ಪತ್ರೆ ಈ ಚಿಕಿತ್ಸೆಯನ್ನು ಸೂಚಿಸಿದಲ್ಲಿ ರೋಗಿಯ ಕಡೆಯವರು ಸಂಕೋಚಪಡದೆ ವಿಚಾರಿಸಬೇಕಾದದ್ದು ಬಹಳವಿದೆ. ಕ್ಯಾಥೆಟರ್ ಅಬ್ಲೇಷನ್ ಮಾಡಿ ನೋಡಲಾಗಿದೆಯೇ, ಇಲ್ಲವಾದರೆ ಏಕೆ ಸಾಧ್ಯವಿಲ್ಲ? ಇದು ನೈತಿಕ ಸಮಿತಿಯ ಒಪ್ಪಿಗೆ ಪಡೆದ ಅಧ್ಯಯನದ ಭಾಗವೇ? ಈ ಮೊದಲು ಎಷ್ಟು ಮಂದಿಗೆ ಮಾಡಿದ್ದಾರೆ, ಅವರನ್ನು ಎಷ್ಟು ವರ್ಷ ಗಮನಿಸಿದ್ದಾರೆ? ವಿಮಾ ಕಂಪನಿಗಳು ಪ್ರಾಯೋಗಿಕ ಚಿಕಿತ್ಸೆಯ ವೆಚ್ಚವನ್ನು ಒಪ್ಪದಿರುವ ಸಾಧ್ಯತೆ ಇರುವುದರಿಂದ ಪಾಲಿಸಿಯ ಷರತ್ತುಗಳನ್ನು ಮುಂಚಿತವಾಗಿ ಓದಿಕೊಳ್ಳುವುದು ಲೇಸು. ಇನ್ನು ಈಗಾಗಲೇ ಐಸಿಡಿ ಹೊಂದಿರುವವರಿಗೆ ಒಂದು ಆಘಾತ ಬಿದ್ದು ನಂತರ ಹಾಯೆನಿಸಿದರೆ ಅದೇ ದಿನ ವೈದ್ಯರಿಗೆ ತಿಳಿಸಿದರಾಯಿತು. ಒಂದರ ಹಿಂದೊಂದರಂತೆ ಆಘಾತ ಬಿದ್ದರೆ, ಅಥವಾ ಒಂದೇ ಆಘಾತವಾದರೂ ಎದೆನೋವು, ಉಸಿರಾಟದ ತೊಂದರೆ, ತಲೆ ಸುತ್ತು ಉಳಿದರೆ, ತಡಮಾಡದೆ ಆಂಬುಲೆನ್ಸ್ ಕರೆಸಿ ಹೃದಯ ಚಿಕಿತ್ಸೆಯ ಸೌಲಭ್ಯವಿರುವ ಆಸ್ಪತ್ರೆಗೆ ಹೋಗತಕ್ಕದ್ದು. ವಾಹನವನ್ನು ರೋಗಿ ತಾವೇ ನಡೆಸಿಕೊಂಡು ಹೋಗಕೂಡದು.